ಮರಳಿಗೆ ಎಷ್ಟು ಅಗಲ

ಕೊಟ್ಟಾರ ಚೌಕಿಯ ಮೇಲ್ಸೇತುವೆಯ ಪಕ್ಕದಲ್ಲಿ, ಎರಡು ದೊಡ್ಡ ಶೋರೂಮುಗಳ ನಡುವೆ, ಹಲ್ಲಿನ ಸಂದಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಒಂದು ಸೈಕಲ್ ಅಂಗಡಿ ಇದೆ. ಬೋರ್ಡಿಲ್ಲ. ಬಾಗಿಲ ಮೇಲೆ ಮೊಳೆಗೆ ತೂಗುಹಾಕಿದ ತುಕ್ಕು ಹಿಡಿದ ರಿಮ್ಮೇ ಬೋರ್ಡು. ಒಳಗೆ ಕೂರುವವರು ಕಜೆಟನ್ ಡಿಸಿಲ್ವ, ಅರವತ್ತಮೂರು ದಾಟಿದವರು. ಮಧ್ಯಾಹ್ನದ ಗಂಜಿ ಹೊಟ್ಟೆಗೆ ಬಿದ್ದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆ ಆನಿಸುತ್ತಾರೆ. ಸೇತುವೆಯ ಮೇಲೆ ಲಾರಿಗಳು ಹಾಯುವ ಸದ್ದು ಮೊದಲು ಲಾರಿಗಳ ಸದ್ದೇ ಆಗಿರುತ್ತದೆ. ಕಣ್ಣು ಅರ್ಧ ಮುಚ್ಚಿದಾಗ ಅದು ತೆರೆಗಳ ಸದ್ದಾಗುತ್ತದೆ. ಆಮೇಲೆ ಮರಳು ಬರುತ್ತದೆ.

ಕನಸು ಎಂದರೆ ಇಷ್ಟೇ: ಅವರು ಸೈಕಲ್ ತುಳಿಯುತ್ತಿದ್ದಾರೆ, ಕೆಳಗೆ ಮರಳು, ಎಡಕ್ಕೆ ಕಡಲು, ಚಕ್ರ ಹೂತುಹೋಗುವುದಿಲ್ಲ. ಬೇರೆ ಏನೂ ನಡೆಯುವುದಿಲ್ಲ. ಯಾರೂ ಸಿಗುವುದಿಲ್ಲ, ಎಲ್ಲಿಗೂ ತಲುಪುವುದಿಲ್ಲ. ನಲವತ್ತಾರು ವರ್ಷಗಳಿಂದ ಅದೇ ಕನಸು, ಬಣ್ಣ ಸ್ವಲ್ಪವೂ ಮಾಸಿಲ್ಲ.

ಅದರ ಬೇರು ಇರುವುದು ಬೋಳೂರಿನ ಒಂದು ಬೇಕರಿಯಲ್ಲಿ. ಹದಿನೇಳರ ಪ್ರಾಯದಲ್ಲಿ ಕಜೆಟನ್ ಅಲ್ಲಿ ಬ್ರೆಡ್ಡು ಮಾರುವ ಕೆಲಸಕ್ಕೆ ಸೇರಿದರು. ಬೆಳಕು ಹರಿಯುವ ಮೊದಲು ಸೈಕಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿ, ಸುಲ್ತಾನ್ ಬತ್ತೇರಿಯ ಕಡವಿಗೆ ಬಂದು, ಸೈಕಲನ್ನೂ ಬುಟ್ಟಿಯನ್ನೂ ದೋಣಿಗೆ ಏರಿಸಿ, ಹೊಳೆ ದಾಟಿ ತಣ್ಣೀರುಬಾವಿಯಲ್ಲಿ ಇಳಿಯುವುದು. ಅಲ್ಲಿಂದ ಆಚೆಗೆ ಬರೀ ಮರಳು. ಸಪೂರದ ಟಯರು ಮರಳಿಗೆ ಇಳಿದರೆ ಬೆಣ್ಣೆಗೆ ಚಾಕು ಇಳಿದ ಹಾಗೆ. ಕೂತು ತುಳಿಯುವ ಮಾತೇ ಇಲ್ಲ. ಮನೆಯಿಂದ ಮನೆಗೆ ಸೈಕಲನ್ನು ತಳ್ಳಿಕೊಂಡು, ಬಿಸಿ ಬ್ರೆಡ್ಡು ತಣ್ಣಗಾಗುವುದನ್ನು ಬೆನ್ನಿನಿಂದಲೇ ಅರಿಯುತ್ತ ಆರು ವರ್ಷ ನಡೆದರು. ಸೈಕಲ್ ಇದ್ದೂ ನಡೆದವನ ಸಂಕಟ ಸೈಕಲೇ ಇಲ್ಲದವನಿಗೆ ತಿಳಿಯುವುದಿಲ್ಲ.

ಚಕ್ರ ಕಟ್ಟುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಒಂದು ಮಳೆಗಾಲದಲ್ಲಿ ಹಾಳಾದ ಚಕ್ರವೊಂದನ್ನು ಬಿಚ್ಚಿ ಚಾಪೆಯ ಮೇಲೆ ಹರಡಿದರು, ಮತ್ತೆ ಕಟ್ಟಲು ಬಾರದೆ ಒಂಬತ್ತು ದಿನ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಹತ್ತನೇ ದಿನ ಅದು ತಿರುಗಿತು. ಅಲ್ಲಿಂದ ಮುಂದೆ ಮೀನಿನವರು, ಐಸಿನವರು, ಗ್ಯಾಸಿನವರು, ಭಾರ ಹೊರುವ ಸೈಕಲಿನವರೆಲ್ಲ ಅವರ ಬಾಗಿಲಿಗೇ ಬಂದರು. ಅಂಗಡಿಯಲ್ಲಿ ಎರಡು ಕಾನೂನು. ಒಂದು, ಹೆಬ್ಬೆರಳಿನಿಂದ ಒತ್ತಿದರೆ ಟಯರು ಕಲ್ಲಿನಂತಿರಬೇಕು. ಎರಡು, ಟಯರಿಗೂ ಫ್ರೇಮಿಗೂ ನಡುವೆ ಚಕ್ರದ ಒಂದು ಕಡ್ಡಿ ತೂರಿದರೆ ಸಾಕು, ಅಷ್ಟು ಜಾಗ ಧಾರಾಳ. ಈ ಎರಡರ ಮೇಲೆ ನಲವತ್ತು ವರ್ಷ ಮಂಗಳೂರಿನ ಅರ್ಧ ಮೀನು ಓಡಾಡಿದೆ. ಅದನ್ನು ಹೇಳುವಾಗ ಕಜೆಟನ್ ಅವರ ಕುತ್ತಿಗೆ ಸ್ವಲ್ಪ ನೇರವಾಗುತ್ತದೆ.

ಕಳೆದ ಮಾರ್ಚಿನಲ್ಲಿ ಬಲ್ಮಠದ ಹೋಟೆಲಿನ ತುಷಾರ್ ಶೆಟ್ಟಿ ತನ್ನ ಜೀಪಿನ ಹಿಂದಿನಿಂದ ಒಂದು ಸೈಕಲ್ ಇಳಿಸಿದ. ಎಮ್ಮೆಗೆ ಸೈಕಲಿನ ವೇಷ ಹಾಕಿದಂತಿತ್ತು ಅದು. ನಾಲ್ಕಿಂಚು ಅಗಲದ ಟಯರು. ಉಪ್ಪುನೀರಿಗೆ ಇಳಿಸಿ ತೊಳೆಯದೆ ಇಟ್ಟು, ಕಡ್ಡಿಗಳೆಲ್ಲ ತುಕ್ಕು ತಿಂದು, ಎರಡು ಚಕ್ರವೂ ಸೊಟ್ಟಗಾಗಿದ್ದವು.

"ಪೊರ್ಬುಳೆ," ಎಂದ, ಊರಿನವರೆಲ್ಲ ಅವರನ್ನು ಗೌರವದಿಂದ ಕರೆಯುವ ಹಾಗೆ. "ಫ್ಯಾಟ್ ಬೈಕ್ ಅಂತ ಇದಕ್ಕೆ. ಬೀಚಿನ ಮರಳಲ್ಲಿ ಓಡ್ತದೆ. ನನಗೆ ಪುರುಸೊತ್ತಿಲ್ಲ. ನೀವೇ ಇಟ್ಕೊಳ್ಳಿ."

"ಮರಳಲ್ಲಿ?" ಎಂದರು ಕಜೆಟನ್.

"ಮರಳಲ್ಲಿ. ಜನ ಇದಕ್ಕೆ ಬ್ಯಾಗು ಕಟ್ಟಿ, ದಾರಿಯಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗಿ ದಿನಗಟ್ಟಲೆ ಹೋಗ್ತಾರೆ ಮಾರಾಯ್ರೆ. ಬೈಕ್‌ಪ್ಯಾಕಿಂಗ್."

ಕಜೆಟನ್ ಸೊಟ್ಟ ಚಕ್ರವನ್ನು ಕೈಯಿಂದ ತಿರುಗಿಸಿ, ಅದು ಕುಂಟುತ್ತ ಸುತ್ತುವುದನ್ನು ಬಹಳ ಹೊತ್ತು ನೋಡುತ್ತ ನಿಂತರು. ಹಗಲಿನ ಬೆಳಕಿನಲ್ಲಿ, ಕಣ್ಣು ತೆರೆದಿರುವಾಗಲೇ, ಎಡಗಡೆಯಿಂದ ತೆರೆಗಳ ಸದ್ದು ಬಂದಂತಾಯಿತು.

ಅದೇ ವಾರ ಇನ್ನೊಂದು ಸುದ್ದಿಯೂ ಬಂತು. ಬಲಗಾಲಿನ ಮೊಣಕಾಲು ಪೂರ್ತಿ ಸವೆದಿದೆ, ಜೂನ್ ಹತ್ತಕ್ಕೆ ಆಪರೇಷನ್ ಎಂದರು ಡಾಕ್ಟರು. "ಆಮೇಲೆ ನಿಧಾನಕ್ಕೆ ನಡೀಬಹುದು. ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ ಆಗ್ತದೆ. ಮರಳು, ಬೀಳುವುದು, ಅದೆಲ್ಲ ಇನ್ನು ಬೇಡ."

ಮನೆಗೆ ಬರುವ ದಾರಿಯಲ್ಲಿ ಕಜೆಟನ್ ಬೆರಳು ಮಡಚಿ ಎಣಿಸಿದರು. ಮಾರ್ಚು, ಏಪ್ರಿಲು, ಮೇ. ಜೂನಿನ ಮೊದಲ ಮಳೆಗೆ ಕಡಲು ಎದ್ದು ದಡವನ್ನೇ ನುಂಗುತ್ತದೆ. ಮರಳಿನ ಮೇಲೆ ಒಮ್ಮೆ ಕೂತು ತುಳಿಯುವುದಾದರೆ ಅಷ್ಟರೊಳಗೆ ಆಗಬೇಕು. ಆಗದಿದ್ದರೆ ಅದು ಸ್ಟೂಲಿನ ಮೇಲಿನ ಕನಸಾಗಿಯೇ ಉಳಿಯುತ್ತದೆ.

ಹೆಂಡತಿ ಲಿಲ್ಲಿಗೆ ಹೇಳಿದಾಗ ಅವಳು ಮೀನು ಕತ್ತರಿಸುತ್ತಿದ್ದಳು. ಕತ್ತಿಯಿಂದ ಕೈ ತೆಗೆಯದೆ ಕೇಳಿದಳು: "ಎಲ್ಲಿಗೆ?"

"ತಣ್ಣೀರುಬಾವಿಯಿಂದ ಸಸಿಹಿತ್ಲುವರೆಗೆ. ದಡದಲ್ಲೇ. ನಡುವೆ ಬಂದರು ಸಿಗ್ತದೆ, ಅಲ್ಲಿ ಮಾತ್ರ ಹೈವೇ ಹತ್ತಬೇಕು. ಒಂದು ರಾತ್ರಿ ಅಲ್ಲೇ ಗಾಳಿಮರದ ಅಡಿಯಲ್ಲಿ ಮಲಗಿ ಮರುದಿನ ಬರ್ತೇನೆ."

"ಸೈಬಾ ಭೊಗೊಸ್!" ಲಿಲ್ಲಿ ಮೀನಿನ ಕೈಯಲ್ಲೇ ಶಿಲುಬೆಯ ಗುರುತು ಮಾಡಿದಳು. "ಮೆಟ್ಟಿಲು ಹತ್ತಲಿಕ್ಕೆ ನನ್ನ ಹೆಗಲು ಬೇಕು. ಸಸಿಹಿತ್ಲಿಗೆ ಹೋಗುವ ಗಂಡಸನ್ನು ನೋಡಿ!" ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಅವಳು ಹಳೆಯ ರೆಕ್ಸಿನನ್ನು ಹೊಲಿಗೆ ಮೆಷಿನಿಗೆ ಕೊಟ್ಟು ಬ್ಯಾಗು ಹೊಲಿಯತೊಡಗಿದ್ದಳು. ಗಂಡನ ಕನಸಿನ ಗೊಣಗಾಟ ಮೂವತ್ತೈದು ವರ್ಷಗಳಿಂದ ಅವಳ ಕಿವಿಯ ಪಕ್ಕದಲ್ಲೇ ಅಲ್ಲವೇ ಆದದ್ದು.

ಇನ್ನು ಚಕ್ರದ ಮಾತು. ಯಾವ ರಿಮ್ಮು, ಎಷ್ಟು ಅಗಲದ ಟಯರು? ತುಷಾರ್ ಫೋನಿನಲ್ಲಿ ಪಟ್ಟಿ ತೆರೆದು ಓದಿದ. ಟಯರಿನಲ್ಲಿ ನಾಲ್ಕಿಂಚು ಇದೆ, ಐದಿಂಚಿಗೆ ಎರಡು ನೂಲು, ಅಂದರೆ ಕಾಲಿಂಚು, ಕಡಿಮೆಯದೂ ಇದೆ. ರಿಮ್ಮಿನಲ್ಲಿ ಅರವತ್ತೈದು, ಎಂಬತ್ತು, ನೂರು ಮಿಲ್ಲಿಮೀಟರಿನವು ಇವೆ.

"ನೂರು. ಟಯರು ದೊಡ್ಡದು. ಎರಡು ಚಕ್ರಕ್ಕೂ," ಎಂದರು ಕಜೆಟನ್, ಒಂದು ಗಳಿಗೆಯೂ ಯೋಚಿಸದೆ. ಆರು ವರ್ಷ ಸಪೂರದ ಟಯರಿನಿಂದ ಪಟ್ಟ ಪಾಡಿಗೆ ಅವರು ಒಂದೇ ಏಟಿಗೆ ಉತ್ತರ ಕೊಡುತ್ತಿದ್ದರು.

"ಅಗಲ ಹೆಚ್ಚಾದ ಹಾಗೆ ಭಾರವೂ ಹೆಚ್ಚು ಪೊರ್ಬುಳೆ. ನಿಮ್ಮ ಮೊಣಕಾಲು? ಮತ್ತೆ ಹಿಂದೆ ಫ್ರೇಮಿನಲ್ಲಿ ಜಾಗ ಉಂಟಾ ನೋಡಿ."

"ಜಾಗ ನೋಡುವುದನ್ನು ನನಗೆ ಕಲಿಸ್ತೀಯಾ? ನಿನ್ನ ಅಜ್ಜನ ಸೈಕಲಿನ ಚಕ್ರ ಕಟ್ಟಿದ್ದು ನಾನು!"

"ಅದಕ್ಕೇ ಅಜ್ಜ ಕೊನೆಗೆ ಕಾರು ತೆಗೆದದ್ದು," ಎಂದ ತುಷಾರ್. ಬೈಸಿಕೊಳ್ಳುವ ಮೊದಲೇ ಜೀಪು ಹತ್ತಿದ.

ಸಾಮಾನು ಬರಲು ಏಪ್ರಿಲ್ ಪೂರ್ತಿ ಹಿಡಿಯಿತು. ಕಜೆಟನ್ ಚಕ್ರ ಕಟ್ಟಿದರು. ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸದ್ದು ಒಂದೇ ಸಮ ಬರುವವರೆಗೆ ಬಿಗಿದರು. ದೊಡ್ಡ ಟಯರು ನೂರರ ರಿಮ್ಮಿನ ಮೇಲೆ ಹರಡಿ ಕೂತಾಗ ಹಿಂದಿನ ಫ್ರೇಮಿನ ನಡುವೆ ಒಂದು ಕಡ್ಡಿ ತೂರಿಸಿ ನೋಡಿದರು. ತೂರಿತು. ಟಯರಿನ ಬದಿಯಲ್ಲಿ ಬರೆದ ಮಿತಿಯವರೆಗೂ ಗಾಳಿ ತುಂಬಿದರು. ಹೆಬ್ಬೆರಳು ಒತ್ತಿದರು. ಕಲ್ಲು. ಕಾನೂನು ಎರಡೂ ಸರಿ.

ಮೇ ಹದಿನೆಂಟರ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಬ್ಯಾಗುಗಳಲ್ಲಿ ನೀರು, ಟಾರ್ಪಾಲು, ಚಾಪೆ ತುಂಬಿ, ಪರೀಕ್ಷೆಗೆಂದು ಕಡವಿಗೆ ಹೋದರು. ದೋಣಿಯಲ್ಲಿದ್ದವರಿಗೆ ಹಬ್ಬವಾಯಿತು.

"ಇದೆಂತ, ಬುಲೆಟ್ಟಿಗೆ ಇಂಜಿನ್ ಹಾಕಲಿಕ್ಕೆ ಮರೆತಿದ್ದಾರಾ?"

"ಇಲ್ಲ ಮಾರಾಯ, ರೋಡ್ ರೋಲರಿನ ಮರಿ ಅದು!"

ಕಜೆಟನ್ ಕಡಲ ಕಡೆಗೆ ಮುಖ ತಿರುಗಿಸಿ ಕೂತರು. ಆಚೆ ದಡದಲ್ಲಿ ಮರಳಿಗೆ ಇಳಿದು, ಕಾಲು ಎತ್ತಿ ಕೂತು, ತುಳಿದರು. ಸೈಕಲ್ ಎರಡು ಮಾರು ಹೋಯಿತು. ಮುಂದಿನ ಚಕ್ರ ಮರಳನ್ನು ಉಳುತ್ತ ಉಳುತ್ತ ನಿಂತೇ ಬಿಟ್ಟಿತು. ಇನ್ನೊಮ್ಮೆ ಹತ್ತಿದರು. ಮತ್ತೆ ಎರಡೇ ಮಾರು. ಹದಿನೇಳರ ಪ್ರಾಯದಲ್ಲಿ ಸೈಕಲ್ ತಳ್ಳಿದ ದಡದಲ್ಲಿ ಅರವತ್ತಮೂರರಲ್ಲಿಯೂ ತಳ್ಳುತ್ತ ನಿಂತಿದ್ದರು.

ಗಾಳಿಮರದ ನೆರಳಿನಲ್ಲಿ ಎಳನೀರಿನ ಬೊಂಡ ಮಾರುವ ಸಮದ್ ಅದನ್ನೆಲ್ಲ ನೋಡುತ್ತಿದ್ದ. ಹದಿನೆಂಟು ವರ್ಷ ಸೌದಿಯಲ್ಲಿ ಪಿಕಪ್ ಓಡಿಸಿ ಬಂದವನು. ಕತ್ತಿ ಕೆಳಗಿಟ್ಟು ಹತ್ತಿರ ಬಂದು ಟಯರನ್ನು ಒತ್ತಿದ.

"ಪೊರ್ಬುಳೆ, ಇದು ಟಯರಾ, ಅರೆಯುವ ಕಲ್ಲಾ?"

"ಭಾರ ಹೊರುವ ಟಯರು ಗಟ್ಟಿ ಇರ್ಬೇಕು."

"ರೋಡಿನಲ್ಲಿ. ಮರುಭೂಮಿಗೆ ಇಳಿಯುವ ಮೊದಲು ನಾವು ಎಂತ ಮಾಡ್ತೇವೆ ಗೊತ್ತುಂಟಾ? ಇಳಿದು ನಾಲ್ಕೂ ಟಯರಿನ ಗಾಳಿ ಬಿಡ್ತೇವೆ."

"ಬಿಡ್ತೀರಾ?"

"ಮತ್ತೆ! ಬಿಡದವ ಅಲ್ಲೇ ಬಾಕಿ. ಅವನನ್ನು ಎಳೆಯಲಿಕ್ಕೆ ಹೋದವನೂ ಗಾಳಿ ಬಿಡದಿದ್ರೆ ಅವನೂ ಬಾಕಿ. ಮೆತ್ತಗಾದ್ರೆ ಟಯರು ಪಾದದ ಹಾಗೆ ಹರಡ್ತದೆ. ಗಟ್ಟಿ ಇದ್ರೆ ಎಷ್ಟು ಅಗಲ ಇದ್ದು ಎಂತ ಪ್ರಯೋಜನ, ಮರಳಿಗೆ ತಾಗುವುದು ನಡುವಿನ ಪಟ್ಟಿ ಮಾತ್ರ."

ಕಜೆಟನ್ ಕೂಡಲೇ ಕೈ ಹಾಕಲಿಲ್ಲ. ನಲವತ್ತು ವರ್ಷ ಗಾಳಿ ತುಂಬಿದ ಕೈ ಅದು. ಗಾಳಿ ಕಡಿಮೆ ಇಟ್ಟು ಬಂದ ಗಿರಾಕಿಗೆ ಬಾಯಿಗೆ ಬಂದಂತೆ ಬೈದು ಕಳಿಸಿದ ಬಾಯಿ. ಕಡೆಗೆ ಬಗ್ಗಿ, ವಾಲ್ವಿನ ಮೇಲೆ ಉಗುರು ಒತ್ತಿದರು. ಗಾಳಿ ಹುಸ್ಸೆಂದು ಹೋಯಿತು. ಆ ಸದ್ದು ಅವರಿಗೆ ತಮ್ಮ ಎದೆಯೊಳಗಿಂದಲೇ ಹೊರಟಂತೆ ಕೇಳಿಸಿತು.

"ಇನ್ನೂ," ಎಂದ ಸಮದ್. "ಇನ್ನೂ ಬಿಡಿ. ಹೆಬ್ಬೆರಳು ಒಳಗೆ ಹೋಗ್ಬೇಕು."

ಹತ್ತಿ ಕೂತಾಗ ಸೈಕಲ್ ತೇಲಿತು. ಬೇರೆ ಶಬ್ದ ಸಿಗಲಾರದು. ಹತ್ತು ಮಾರು, ಹದಿನೈದು ಮಾರು, ಕೆಳಗೆ ಮರಳು ಹಿಟ್ಟಿನ ಹಾಗೆ ಸರ್ರ್ ಎನ್ನುತ್ತ ಹಿಂದೆ ಸರಿಯಿತು. ಕಜೆಟನ್ ಅವರಿಗೆ ಇದು ಎಚ್ಚರವೋ ಅಂಗಡಿಯ ಸ್ಟೂಲೋ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಕರಕರ ಸದ್ದು ಬಂತು. ಚಕ್ರ ಹಿಡಿದುಕೊಂಡಿತು. ಸೈಕಲ್ ಪಕ್ಕಕ್ಕೆ ವಾಲಿ, ಅವರು ಮೊಣಕೈ ಊರಿ ಮರಳಿಗೆ ಬಿದ್ದರು.

ಎದ್ದು ನೋಡಿದಾಗ ಸಂಗತಿ ತಿಳಿಯಿತು. ಗಟ್ಟಿ ಟಯರು ಅಲ್ಲಾಡುವುದಿಲ್ಲ, ಅದಕ್ಕೆ ಒಂದು ಕಡ್ಡಿಯ ಜಾಗ ಸಾಕು. ಮೆತ್ತಗಿನ ಟಯರು ಮೈ ಮೇಲೆ ಭಾರ ಬಿದ್ದಾಗ ಅತ್ತಿತ್ತ ಹೊಯ್ದಾಡುತ್ತದೆ, ಜೊತೆಗೆ ಹಸಿ ಮರಳನ್ನೂ ಮೆತ್ತಿಕೊಳ್ಳುತ್ತದೆ. ಮರಳು ಮೆತ್ತಿದ ಟಯರು ಫ್ರೇಮಿಗೆ ಉಜ್ಜಿ, ಬಣ್ಣ ಎದ್ದು, ಬಿಳಿ ಲೋಹ ಕಾಣಿಸುತ್ತಿತ್ತು. ಮೊದಲನೇ ಕಾನೂನು ಮುರಿದದ್ದರಿಂದ ಎರಡನೆಯದೂ ತಾನಾಗಿಯೇ ಮುರಿದಿತ್ತು.

"ಪೆಟ್ಟಾಯ್ತಾ?" ಸಮದ್ ಓಡಿ ಬಂದ.

"ಮೈಗೆ ಇಲ್ಲ," ಎಂದರು ಕಜೆಟನ್.

ಆ ಸಂಜೆ ಅವರು ತಟ್ಟೆಯ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಕೂತಿದ್ದರು. ಹಿಂದಿನ ಚಕ್ರಕ್ಕೆ ಎಂಬತ್ತರ ರಿಮ್ಮು, ನಾಲ್ಕಿಂಚಿನ ಟಯರು ಬೇಕು ಎಂದು ತುಷಾರನಿಗೆ ಫೋನು ಮಾಡಿಯಾಗಿತ್ತು. "ಮೂರು ವಾರ ಹೇಳ್ತಾರೆ," ಎಂದಿದ್ದ ಅವನು. ಮೂರು ವಾರವೆಂದರೆ ಮಳೆ. ಅದರ ಹಿಂದೆಯೇ ಆಸ್ಪತ್ರೆ.

"ಟಯರಿನ ಚಿಂತೆಯಾ?" ಎಂದಳು ಲಿಲ್ಲಿ.

"ಜಾಸ್ತಿ ಆಸೆ ಪಟ್ಟೆ ಲಿಲ್ಲಿ. ಅಗಲ ಒಂದಿದ್ರೆ ಎಲ್ಲ ಆಗ್ತದೆ ಅಂತ."

"ಆ ಹುಡುಗ ತುಷಾರ್ ತಂದ ಹಳೆ ಚಕ್ರ ಎಲ್ಲಿ ಬಿಸಾಡಿದ್ರಿ? ಅದು ಸಪೂರ ಅಂತ ಮೂಗು ಮುರಿದ್ರಲ್ಲ, ಅದರ ಅಗಲ ಎಷ್ಟು?"

ಕಜೆಟನ್ ತಟ್ಟೆಯಿಂದ ತಲೆ ಎತ್ತಿದರು. ಅದು ನಾಲ್ಕಿಂಚಿನದೇ. ರಿಮ್ಮು ಎಂಬತ್ತರದೇ. ಹಾಳೆಂದು ಅಂಗಡಿಯ ಹಿಂದೆ ಎಸೆದಿದ್ದರು, ಹಾಳೂ ಹೌದು.

ಮರುದಿನ ಬೆಳಿಗ್ಗೆ ಅವರು ಅಂಗಡಿಯ ಬಾಗಿಲು ಅರ್ಧ ಎಳೆದು ಕೆಲಸಕ್ಕೆ ಕೂತರು. ಎರಡರಲ್ಲಿ ಮುಂದಿನ ರಿಮ್ಮು ಬಿರುಕು ಬಿಟ್ಟಿತ್ತು, ಅದರ ಆಸೆ ಬಿಟ್ಟರು. ಹಿಂದಿನದು ಸೊಟ್ಟಗಾಗಿತ್ತು, ಒಡೆದಿರಲಿಲ್ಲ. ತುಕ್ಕು ತಿಂದ ಕಡ್ಡಿಗಳನ್ನೆಲ್ಲ ಕತ್ತರಿಸಿ ತೆಗೆದರು. ರಿಮ್ಮನ್ನು ಹಲಸಿನ ದಿಮ್ಮಿಯ ಮೇಲಿಟ್ಟು, ಮೇಲೆ ಗೋಣಿ ಹಾಸಿ, ಮರದ ಸುತ್ತಿಗೆಯಿಂದ ಒಂದು ಏಟು, ಒಂದು ನೋಟ, ಮತ್ತೊಂದು ಏಟು. ಗಡಿಬಿಡಿಯ ಕೈಗೆ ಬಗ್ಗುವ ಕೆಲಸವಲ್ಲ ಅದು. ಹೊಸ ಚಕ್ರದಿಂದ ಬಿಚ್ಚಿದ ಕಡ್ಡಿಗಳು ಈ ರಿಮ್ಮಿಗೆ ಎರಡು ನೂಲು ಉದ್ದವಾಗುತ್ತಿದ್ದವು. ಒಂದೊಂದನ್ನೂ ಅಳೆದು ಕತ್ತರಿಸಿ, ತುದಿಗೆ ಹೊಸದಾಗಿ ತಿರುಪಿನ ಗೆರೆ ಕೊರೆದರು. ಈಗ ಊರಿನಲ್ಲಿ ಯಾರೂ ಮಾಡದ ಕೆಲಸ. ಅದಕ್ಕೆ ಬೇಕಾದ ಸಾಧನ ಅವರ ಡಬ್ಬಿಯ ತಳದಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮಲಗಿತ್ತು.

ನಾಲ್ಕು ದಿನ ಹಿಡಿಯಿತು. ಮಧ್ಯಾಹ್ನ ಅವರು ನಿದ್ದೆ ಮಾಡಲಿಲ್ಲ. ಸೇತುವೆಯ ಸದ್ದು ತೆರೆಯಾಗಲು ಬಂದರೆ, "ಇರು, ಬರ್ತೇನೆ," ಎಂದು ಅದಕ್ಕೇ ಹೇಳಿದರಂತೆ. ಐದನೇ ದಿನ ಹಳೆಯ ನಾಲ್ಕಿಂಚಿನ ಟಯರು ತೊಟ್ಟು ಚಕ್ರ ಫ್ರೇಮಿಗೆ ಏರಿತು. ಗಾಳಿಯನ್ನು ಹೆಬ್ಬೆರಳು ಒಳಗೆ ಹೋಗುವಷ್ಟೇ ಇಟ್ಟರು. ಲಿಲ್ಲಿಯನ್ನು ಸೀಟಿನ ಮೇಲೆ ಕೂರಿಸಿ, ಬ್ಯಾಗುಗಳಿಗೆ ಇಟ್ಟಿಗೆ ತುಂಬಿ, ಆಮೇಲೆ ಟಯರಿನ ಪಕ್ಕದಲ್ಲಿ ಜಾಗ ನೋಡಿದರು. ಈ ಸಲ ಕಡ್ಡಿಯಲ್ಲ, ಇಡೀ ತೋರುಬೆರಳು ತೂರಿತು, ಎರಡು ಬದಿಗೂ.

"ಇಳಿಯಲಾ?" ಎಂದಳು ಲಿಲ್ಲಿ ಮೇಲಿನಿಂದ. "ಮಗಳ ಮದುವೆಯಲ್ಲೂ ನನ್ನನ್ನು ಇಷ್ಟು ಹೊತ್ತು ಯಾರೂ ನೋಡಿರ್ಲಿಲ್ಲ."

ನೋಡಲು ಬಂದ ತುಷಾರ್ ಸುತ್ತು ಹಾಕಿ ನಕ್ಕ. "ಮುಂದೆ ದೊಡ್ಡದು, ಹಿಂದೆ ಸಣ್ಣದು! ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಾ ಪೊರ್ಬುಳೆ?"

"ಮುಂದಿನದ್ದು ಮರಳನ್ನು ಮೊದಲು ಮೆಟ್ಟುವುದು. ಅದು ಹೂತ್ರೆ ತಲೆ ಕೆಳಗಾಗಿ ಬೀಳ್ತೇವೆ, ಅಗಲ ಇರ್ಲಿ. ಅಲ್ಲಿ ಫೋರ್ಕಿನಲ್ಲಿ ಜಾಗವೂ ಉಂಟು. ಹಿಂದಿನದ್ದಕ್ಕೆ ಭಾರ, ಚೈನು, ಫ್ರೇಮು ಎಲ್ಲ ಉಂಟು. ಅದಕ್ಕೆ ಹೊರಳಾಡಲಿಕ್ಕೆ ಜಾಗ ಬೇಕು. ಮತ್ತೆ ಹಗುರ ಆಯ್ತು, ಮೊಣಕಾಲಿಗೆ." ಸ್ವಲ್ಪ ತಡೆದು ಕಜೆಟನ್ ಹೇಳಿದರು, "ನೀನು ಮೊದಲೇ ಹೇಳಿದ್ದೆ. ನಾನು ಕೇಳ್ಲಿಲ್ಲ."

ಅವರ ಬಾಯಿಯಿಂದ ಇಂಥದ್ದೊಂದು ಮಾತು ಬಿದ್ದದ್ದನ್ನು ಕೊಟ್ಟಾರದಲ್ಲಿ ಯಾರೂ ಕೇಳಿದವರಿಲ್ಲ.

ಮೇ ತಿಂಗಳ ಕೊನೆಯ ಮಂಗಳವಾರ, ಮೊದಲ ದೋಣಿಗೆ ಕಜೆಟನ್ ಹೊಳೆ ದಾಟಿದರು. ನೀರು ಇಳಿಯುವ ಹೊತ್ತು. ಆಕಾಶದ ಪಡುವಣ ಅಂಚಿನಲ್ಲಿ ಮಳೆಯ ನೀಲಿ ಗೆರೆ ಆಗಲೇ ಎದ್ದಿತ್ತು. ಸಮದ್ ಇನ್ನೂ ಬಂದಿರಲಿಲ್ಲ. ದಡದಲ್ಲಿ ಏಡಿಗಳ ಹೊರತು ನೋಡುವವರಿಲ್ಲ. ಅವರು ಬಲಗಾಲನ್ನು ಕೈಯಿಂದಲೇ ಎತ್ತಿ ದಾಟಿಸಿ ಕೂತರು.

ಮರಳು ಅವರನ್ನು ಹೊತ್ತುಕೊಂಡಿತು. ಎಡಕ್ಕೆ ಕಡಲು ತನ್ನ ಪಾಡಿಗೆ ಉಸಿರಾಡುತ್ತಿತ್ತು. ಟಯರು ಹಸಿ ಮರಳಿನ ಮೇಲೆ ಸಣ್ಣ ದನಿಯಲ್ಲಿ ಗುನುಗುತ್ತಿತ್ತು, ಒಣ ಮರಳು ಬಂದರೆ ದನಿ ದಪ್ಪವಾಗುತ್ತಿತ್ತು, ಆದರೆ ಚಕ್ರ ನಿಲ್ಲುತ್ತಿರಲಿಲ್ಲ. ದೂರದಲ್ಲಿ ಬಂದರಿಗೆ ಬರುವ ಹಡಗುಗಳು ಮಂಜಿನಲ್ಲಿ ನೆಲ ಬಿಟ್ಟು ಮೇಲೆ ನಿಂತಂತೆ ಕಂಡವು. ಹಳೆಯ ಮನೆಗಳ ಜಾಗಗಳು ಒಂದೊಂದಾಗಿ ಹಾದುಹೋದವು: ಇಲ್ಲಿ ಎರಡು ಬ್ರೆಡ್ಡು, ಇಲ್ಲಿ ನಾಲ್ಕು ಬನ್ನು, ಇಲ್ಲಿ ನಾಯಿ. ಮನೆಗಳಿಲ್ಲ, ಕೆಲವು ಕಡೆ ಜಾಗವೂ ಇಲ್ಲ, ಕಡಲು ಒಯ್ದಿದೆ. ಅವರು ಎಲ್ಲಿಯೂ ನಿಲ್ಲಿಸಲಿಲ್ಲ. ಕನಸಿನಲ್ಲಿ ಮೊಣಕಾಲು ನೋಯುತ್ತಿರಲಿಲ್ಲ, ಇಲ್ಲಿ ನೋಯುತ್ತಿತ್ತು. ನೋವಿದ್ದದ್ದರಿಂದಲೇ ಅವರಿಗೆ ಇದು ನಿಜವೆಂದು ನಂಬಿಕೆಯಾಯಿತು.

ಪಣಂಬೂರಿನಲ್ಲಿ ಹೈವೇ ಹತ್ತಿದಾಗ ಮೆತ್ತಗಿನ ಟಯರು ಡಾಂಬರಿಗೆ ಅಂಟಿಕೊಂಡು ಎಳೆಯತೊಡಗಿತು. ಇಳಿದು ಪಂಪಿನಿಂದ ಗಾಳಿ ತುಂಬಿದರು. ಬಂದರು ದಾಟಿ ಮತ್ತೆ ದಡಕ್ಕೆ ಇಳಿಯುವಲ್ಲಿ ಉಗುರು ಒತ್ತಿ ಬಿಟ್ಟರು. ಈ ಸಲ ಕೈ ಅನುಮಾನಿಸಲಿಲ್ಲ. ಸುರತ್ಕಲ್ಲಿನ ದೀಪಸ್ತಂಭ ಮುಂದೆ ಬಂತು, ಪಕ್ಕಕ್ಕೆ ಬಂತು, ಹಿಂದೆ ಹೋಯಿತು. ಮುಕ್ಕದ ಬಳಿ ನೀರು ಏರತೊಡಗಿ ಅವರನ್ನು ಮೇಲಿನ ಸಡಿಲ ಮರಳಿಗೆ ತಳ್ಳಿತು. ಅಲ್ಲಿ ಹಿಂದಿನ ಚಕ್ರ ಹೊಯ್ದಾಡಿತು, ಮರಳು ಮೆತ್ತಿತು. ಕರಕರ ಸದ್ದಿಗಾಗಿ ಅವರು ಉಸಿರು ಬಿಗಿಹಿಡಿದು ಕಾದರು. ಸದ್ದು ಬರಲಿಲ್ಲ. ಮರಳು ತಾನೇ ಕಳಚಿ ಬಿತ್ತು.

ಮಧ್ಯಾಹ್ನದ ಮೊದಲು ಸಸಿಹಿತ್ಲಿನಲ್ಲಿ ದಡ ಮುಗಿಯಿತು. ಮುಂದೆ ಹೊಳೆಬಾಯಿ, ಎರಡು ಹೊಳೆಗಳು ಕಡಲಿಗೆ ಸೇರುವ ಹೊಳೆಯುವ ನೀರು. ದಡಕ್ಕೆ ಎಳೆದಿಟ್ಟ ಒಂದು ದೋಣಿಯ ಅಂಚಿಗೆ ಕಜೆಟನ್ ಕೈ ಕೊಟ್ಟು ಸೈಕಲ್ ನಿಲ್ಲಿಸಿದರು. ಸೀಟಿನ ಮೇಲೆಯೇ ಇದ್ದರು. ಕಿಸೆಯಲ್ಲಿ ಫೋನು ಬಡಿದುಕೊಂಡಿತು.

"ಎಲ್ಲಿದ್ದೀರಿ?" ಲಿಲ್ಲಿಯ ದನಿ.

"ಹೊಳೆಬಾಯಿಯಲ್ಲಿ."

"ದೇವರೇ! ಎಷ್ಟು ಸಲ ಇಳಿದು ತಳ್ಳಿದ್ರಿ?"

"ಇಳಿದದ್ದು ಹೈವೇಯಲ್ಲಿ ಮಾತ್ರ. ಮರಳಲ್ಲಿ ಇಳೀಲಿಲ್ಲ."

ಅತ್ತ ಕಡೆಯಿಂದ ಮೂಗು ಎಳೆದ ಸದ್ದು ಬಂತು.

"ಆಯ್ತಲ್ಲ. ಈಗ ಇಳಿದು ನೀರು ಕುಡೀರಿ, ಬಿಸಿಲು ಏರ್ತಾ ಉಂಟು."

"ಕುಡೀತೇನೆ," ಎಂದರು ಕಜೆಟನ್. "ಸ್ವಲ್ಪ ಹೊತ್ತು ಹೀಗೇ ಕೂರ್ತೇನೆ ಮಾರಾಯ್ತಿ."